ಕರಾವಳಿಯಲ್ಲಿ ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಯಾವ ಎಂಜಿನ್: ರೋಟಾಕ್ಸ್ 912 ಯುಎಲ್‌ಎಸ್ ಅಥವಾ ಜಬಿರು 2200?

ರೋಟಾಕ್ಸ್ 5800 ಆರ್‌ಪಿಎಂನಲ್ಲಿ 100 ಅಶ್ವಶಕ್ತಿ ಕೊಡುತ್ತದೆ. ಗೇರ್‌ಬಾಕ್ಸ್ ಉಂಟು, ಸಿಲಿಂಡರ್ ಹೆಡ್‌ಗಳಿಗೆ (ಸಿಲಿಂಡರಿನ ಮೇಲಿನ ಮುಚ್ಚಳಗಳಿಗೆ) ತಣಿಸುವ ದ್ರವ, ಅಂದರೆ ಕೂಲಂಟ್ ಬೇಕು. ಜಬಿರು ಸುಮಾರು 85 ಅಶ್ವಶಕ್ತಿಯದು, ಪೂರ್ತಿ ಗಾಳಿಯಿಂದಲೇ ತಣಿಯುತ್ತದೆ, ಪ್ರೊಪೆಲ್ಲರ್ ನೇರ ಕ್ರ್ಯಾಂಕಿಗೇ.

ಜಬಿರುವಿಗೆ ಪೈಪುಗಳು ಕಡಿಮೆ, ಜೋಡಣೆ ಸುಲಭ. ತಪ್ಪಾಗುವುದು ಗಾಳಿಯ ದಾರಿಯಲ್ಲಿ. ಹೆಡ್‌ಗಳಿಗೆ ಗಾಳಿ ತರುವ ಡಕ್ಟಿನ ಸಂದುಗಳನ್ನು ಮುಚ್ಚಿ, ಕೌಲಿಂಗ್‌ನ (ಎಂಜಿನ್ ಮುಚ್ಚುವ ಕವಚದ) ಗಾಳಿಯ ಹೊರದಾರಿಯನ್ನು ಒಳದಾರಿಗಿಂತ ದೊಡ್ಡದಾಗಿಡಿ, ನಾಲ್ಕೂ ಹೆಡ್‌ಗಳಿಗೆ ತಾಪಮಾನ ಸೆನ್ಸರ್ ಹಾಕಿ. ಒಂದೇ ಸೆನ್ಸರ್ ಇದ್ದರೆ, ಮಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಮೇಲೇರುವಾಗ ಬೇರೊಂದು ಹೆಡ್ ಸುಡುತ್ತಿರುವುದು ತಿಳಿಯುವುದೇ ಇಲ್ಲ.

ರೋಟಾಕ್ಸ್‌ನ ಅಪಾಯ ಆಯಿಲ್ ಪೈಪಿನಲ್ಲಿದೆ. ಪೈಪು ಬಿಚ್ಚಿ ಜೋಡಿಸಿದ ಮೇಲೆ ಗಾಳಿ ತೆಗೆಯದೆ ಸ್ಟಾರ್ಟ್ ಮಾಡಲೇಬೇಡಿ. ಇಗ್ನಿಷನ್ ಆಫ್ ಮಾಡಿ, ಪ್ರತಿ ಸಿಲಿಂಡರ್‌ನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನ್ ಓಡುವ ದಿಕ್ಕಿನಲ್ಲೇ ಪ್ರೊಪೆಲ್ಲರ್ ತಿರುಗಿಸಿ, ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ. ಹಿಂದಕ್ಕೆ ತಿರುಗಿಸಿದರೆ ಗಾಳಿ ಮತ್ತೆ ಸೇರುತ್ತದೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ಕ್ಲಾಂಪ್ ಸಡಿಲವಿದ್ದರೆ ಇನ್ನೂ ಕಷ್ಟ: ಓಡುವಾಗ ಆಯಿಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ಪೆಟ್ರೋಲ್ ಬಂಕಿನ ಇ20 (20% ಎಥನಾಲ್ ಬೆರೆತ ಪೆಟ್ರೋಲ್) ಹಾಕುವಂತಿಲ್ಲ. ರೋಟಾಕ್ಸ್ ಒಪ್ಪುವುದು 10% ಎಥನಾಲ್‌ವರೆಗೆ ಮಾತ್ರ. ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಹಾಕಿದರೂ ಓಡುತ್ತದೆ, ಆದರೆ ಅದರ ಸೀಸದಿಂದಾಗಿ ಆಯಿಲನ್ನು ಬೇಗ ಬದಲಿಸಬೇಕು. ಏವ್‌ಗ್ಯಾಸ್ ಒಂದೇ ಸಿಗುವುದಾದರೆ ಜಬಿರು ವಾಸಿ. ಇಬ್ಬರು ಕೂರುವ ಭಾರದ ವಿಮಾನಕ್ಕೆ ನಮ್ಮ ಆಯ್ಕೆ ರೋಟಾಕ್ಸ್.

ಮಳೆಗಾಲದ ತೇವದಲ್ಲಿ ಎರಡಕ್ಕೂ ಕಾರ್ಬ್ಯುರೇಟರ್ ಹೀಟ್ (ಕಾರ್ಬ್ಯುರೇಟರ್‌ನೊಳಗೆ ಮಂಜುಗಡ್ಡೆ ಕಟ್ಟದಂತೆ ಬಿಸಿ ಮಾಡುವ ವ್ಯವಸ್ಥೆ) ಬೇಕು. ಉಪ್ಪುಗಾಳಿಗೆ ಅರ್ತಿಂಗ್ ಸ್ಟ್ರಾಪ್ ತುಕ್ಕು ಹಿಡಿಯುತ್ತದೆ, ಆಗಾಗ ಬಿಚ್ಚಿ ಉಜ್ಜಿ. ಹಾರುವ ಮೊದಲು ವಿಮಾನದ ಮೂತಿ ಎತ್ತಿ ನಿಲ್ಲಿಸಿ ಇಂಧನದ ಹರಿವು ಅಳೆಯಿರಿ: ಪಂಪ್ ಇದ್ದರೆ ಟೇಕಾಫ್ ಬಳಕೆಯ 125%, ಗುರುತ್ವದಿಂದ ಹರಿಯುವುದಾದರೆ 150%. ರೋಟಾಕ್ಸ್‌ಗೆ ಪಂಪಿನೊಂದಿಗೆ ಗಂಟೆಗೆ ಸುಮಾರು 34 ಲೀಟರ್ ಬರಬೇಕು.