ಐಫೋನ್‌ನಲ್ಲಿ ಪುಟ ಒಡೆಯಿತು, ಮನೆಯಲ್ಲಿ ಮ್ಯಾಕ್ ಇಲ್ಲ: ನಾನು ಹಿಡಿದು ನೋಡಿದ ನಾಲ್ಕು ದಾರಿ

ಶಿರಸಿ ಕಡೆ ಇರುವ ನಮ್ಮ ಅತ್ತೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರಿಗೆ ಒಂದೇ ಪುಟದ ಸೈಟ್ ಮಾಡಿಕೊಟ್ಟಿದ್ದೆ. ಮೇಲೆ ಫೋಟೋ, ನಡುವೆ ಬೆಲೆ, ಕೆಳಗೆ ‘ಆರ್ಡರ್ ಮಾಡಿ’ ಬಟನ್, ಅಷ್ಟೇ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಚೆನ್ನಾಗಿಯೇ ಇತ್ತು. ಲಿಂಕ್ ಹಂಚಿದ ಎರಡೇ ದಿನಕ್ಕೆ ಅತ್ತೆಯ ಫೋನ್ ಬಂತು. ಬೆಂಗಳೂರಿನ ಗಿರಾಕಿಗಳಿಗೆ ಬಟನ್ನೇ ಕಾಣುತ್ತಿಲ್ಲವಂತೆ. ಇನ್ನೊಬ್ಬರಿಗೆ ಹೆಸರು, ಬೆಲೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆಯಂತೆ. ಮತ್ತೊಬ್ಬರಿಗೆ ಫೋನ್ ನಂಬರ್ ಬರೆಯಲು ಹೋದರೆ ಇಡೀ ಪುಟ ದೊಡ್ಡದಾಗಿಬಿಡುತ್ತದಂತೆ. ಎಲ್ಲರ ಕೈಯಲ್ಲೂ ಐಫೋನ್.

ನನ್ನ ಹತ್ತಿರ ಐಫೋನೂ ಇಲ್ಲ, ಮ್ಯಾಕೂ ಇಲ್ಲ. ಐಫೋನ್, ಮ್ಯಾಕ್‌ಗಳ ಬ್ರೌಸರ್ ಆದ ಸಫಾರಿ ವಿಂಡೋಸ್‌ಗೆ ಬರುವುದು 2012ರಲ್ಲೇ 5.1.7ನೇ ಆವೃತ್ತಿಗೆ ನಿಂತುಹೋಯಿತು, ಅದನ್ನು ಈಗ ಹುಡುಕಿ ಹಾಕಿಕೊಂಡರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಇದ್ದ ದಾರಿಗಳನ್ನೆಲ್ಲ ಒಂದೊಂದಾಗಿ ನೋಡಿದೆ.

ಮೊದಲನೆಯದು ಕ್ರೋಮ್‌ನ ಡೆವ್‌ಟೂಲ್ಸ್ (ಪುಟದ ಕೋಡ್ ಪರೀಕ್ಷಿಸುವ ಸಲಕರಣೆ) ಒಳಗಿನ ಡಿವೈಸ್ ಮೋಡ್. ಎಲ್ಲರೂ ಮೊದಲು ಹೋಗುವುದು ಅಲ್ಲಿಗೇ ಅಲ್ವಾ. ಪಟ್ಟಿಯಲ್ಲಿ ಐಫೋನ್ ಆರಿಸಿದರೆ ಪರದೆ ಅಷ್ಟಗಲ ಆಗುತ್ತದೆ, ಬೆರಳಿನ ಸ್ಪರ್ಶದಂತೆ ನಡೆದುಕೊಳ್ಳುತ್ತದೆ, ಸೈಟ್‌ಗೆ ‘ನಾನು ಐಫೋನ್’ ಎಂದೂ ಹೇಳುತ್ತದೆ. ಆದರೆ ಪುಟವನ್ನು ಜೋಡಿಸುವ ಎಂಜಿನ್ ಮಾತ್ರ ಕ್ರೋಮ್‌ನ ಬ್ಲಿಂಕ್. ಸಫಾರಿಯದು ವೆಬ್‌ಕಿಟ್. 2013ರಲ್ಲಿ ಬ್ಲಿಂಕ್ ವೆಬ್‌ಕಿಟ್‌ನಿಂದ ಕವಲೊಡೆದು ಬೇರೆಯಾಯಿತು, ಆಮೇಲೆ ಎರಡೂ ತಮ್ಮ ತಮ್ಮ ದಾರಿ ಹಿಡಿದಿವೆ. ನನ್ನ ಮೂರು ದೂರುಗಳಲ್ಲಿ ಒಂದೂ ಇಲ್ಲಿ ಕಾಣಿಸಲಿಲ್ಲ. ಸಣ್ಣ ಪರದೆಯಲ್ಲಿ ಸಾಲು ಎಲ್ಲಿ ಮುರಿಯುತ್ತದೆ, ಫೋಟೋ ಎಷ್ಟು ಕುಗ್ಗುತ್ತದೆ ಎಂದು ನೋಡಲು ಇದು ಸಾಕು. ಸಫಾರಿಯ ತೊಂದರೆ ಹುಡುಕಲು ಇದನ್ನು ನೆಚ್ಚಿಕೊಂಡರೆ ಸುಮ್ನೆ ಸಮಯ ಹಾಳು.

ಎರಡನೆಯದು ವೆಬ್‌ಕಿಟ್ ಎಂಜಿನ್ ಅನ್ನೇ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು. ಇದಕ್ಕೆ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಬ ಬ್ರೌಸರ್ ಪರೀಕ್ಷೆಯ ಸಾಧನ ಇದೆ, ಉಚಿತ. ವಿಂಡೋಸ್, ಲಿನಕ್ಸ್ ಎರಡರಲ್ಲೂ ವೆಬ್‌ಕಿಟ್ ಹಾಕಿಕೊಡುತ್ತದೆ, ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಕಿಟಕಿ ತೆರೆಯುತ್ತದೆ. ಲಿನಕ್ಸ್ ಇರುವವರಿಗೆ ಗ್ನೋಮ್ ವೆಬ್ ಎಂಬ ಬ್ರೌಸರ್ ಕೂಡ ಇದೆ, ಅದರ ಒಳಗೂ ವೆಬ್‌ಕಿಟ್ಟೇ. ಇಲ್ಲಿ ಯಾರೂ ಹೇಳದೇ ಇದ್ದ ಹೊಸ ದೋಷವೊಂದು ಸಿಕ್ಕಿತು. ‘ಹೇಗೆ ಮಾಡುತ್ತೇವೆ’ ಎಂಬ ಭಾಗವನ್ನು ಒತ್ತಿದರೆ ಬಿಚ್ಚಿಕೊಳ್ಳುವ ಡೀಟೇಲ್ಸ್ ಟ್ಯಾಗ್‌ನಲ್ಲಿ ಮಡಚಿಟ್ಟಿದ್ದೆ, ಅದರ ತ್ರಿಕೋನವನ್ನು ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್) list-style: none ಎಂದು ಬರೆದು ಮರೆಮಾಡಿ ನನ್ನದೇ ಪ್ಲಸ್ ಗುರುತು ಹಾಕಿದ್ದೆ. ಕ್ರೋಮ್ ಕೇಳಿತು. ನಾನು ನೋಡಿದ ವೆಬ್‌ಕಿಟ್ ಕೇಳಲಿಲ್ಲ, ತ್ರಿಕೋನವೂ ಇತ್ತು, ಪ್ಲಸ್ಸೂ ಇತ್ತು. ::-webkit-details-marker ಎಂಬುದಕ್ಕೆ display: none ಕೊಟ್ಟ ಮೇಲೆ ಸರಿಹೋಯಿತು.

ಆದರೆ ದೂರು ಬಂದ ಮೂರೂ ಇಲ್ಲೂ ಕಾಣಲಿಲ್ಲ. ಯಾಕೆ ಅಂತ ತಿಳಿಯಲು ನನಗೆ ಒಂದು ಸಂಜೆ ಹಿಡಿಯಿತು. ಪ್ಲೇರೈಟ್ ಕೊಡುವುದು ವೆಬ್‌ಕಿಟ್‌ನ ತೀರಾ ಹೊಸ ಕೋಡ್, ಎಷ್ಟೋ ಸಲ ಸಫಾರಿಗೆ ಬರುವ ಮೊದಲೇ. ಗಿರಾಕಿಯ ಫೋನಿನಲ್ಲಿ ಇರುವುದು ಹಳೆಯದು. ಮತ್ತೆ, ಈ ಕಿಟಕಿಗೆ ಐಫೋನ್‌ನ ಅಡ್ರೆಸ್ ಬಾರ್ ಇಲ್ಲ, ಕೀಬೋರ್ಡ್ ಏಳುವುದಿಲ್ಲ, ಅಕ್ಷರಗಳೂ ಲಿನಕ್ಸ್‌ನವೇ.

ಮೂರನೆಯದು ನಿಜವಾದ ಫೋನುಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಸೇವೆ. ಎಲ್ಲೋ ಒಂದು ಕೋಣೆಯಲ್ಲಿರುವ ಐಫೋನ್ ನಮ್ಮ ಬ್ರೌಸರ್‌ನಲ್ಲಿ ಕಾಣುತ್ತದೆ, ಇಲ್ಲಿಂದಲೇ ಒತ್ತಬಹುದು. ನಾನು ಬಳಸಿದ ಕಂಪನಿ ಉಚಿತವಾಗಿ ಕೊಟ್ಟ ನಿಮಿಷಗಳು ಒಂದು ದೋಷ ನೋಡುವಷ್ಟರಲ್ಲೇ ಮುಗಿದವು, ಸ್ಕ್ರೋಲ್ ಮಾಡಿದರೆ ಚಿತ್ರ ತಡವಾಗಿ ಬರುತ್ತಿತ್ತು. ಹಾಗಿದ್ದೂ ಒಂದು ಕೆಲಸಕ್ಕೆ ಇದರಷ್ಟು ಒಳ್ಳೆಯದು ಬೇರೆ ಸಿಗಲಿಲ್ಲ. ಅಂಟಿಕೊಂಡ ಹೆಸರು-ಬೆಲೆಯ ದೂರು ಕೊಟ್ಟವರದು ಐಫೋನ್ 6. ಅದರ ಐಒಎಸ್ (ಐಫೋನಿನ ಸಿಸ್ಟಮ್ ಸಾಫ್ಟ್‌ವೇರ್) 12ರ ಆಚೆ ಹೋಗುವುದಿಲ್ಲ, ಸಫಾರಿಯೂ ಅಲ್ಲೇ ನಿಂತಿದೆ. ಅಂಥ ಹಳೆಯ ಫೋನ್ ಬಾಡಿಗೆ ಪಟ್ಟಿಯಲ್ಲಿತ್ತು, ತೆರೆದ ಕೂಡಲೇ ದೋಷ ಕಣ್ಣಿಗೆ ಬಿತ್ತು. ನಾನು ಫ್ಲೆಕ್ಸ್ (ಡಬ್ಬಿಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿಧಾನ) ಒಳಗೆ ಡಬ್ಬಿಗಳ ನಡುವಿನ ಅಂತರಕ್ಕೆ ಗ್ಯಾಪ್ ಬಳಸಿದ್ದೆ. ಅದು ಸಫಾರಿಗೆ ಬಂದಿದ್ದು 14.1ರಲ್ಲಿ, ಅಂದರೆ 2021ರಲ್ಲಿ. ಕ್ರೋಮ್‌ಗೆ 2020ರಲ್ಲೇ ಬಂದಿತ್ತು.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು, ಯಾಕಂದ್ರೆ ನಾನು ಇದರಲ್ಲೇ ಜಾಸ್ತಿ ಹೊತ್ತು ಸಿಕ್ಕಿಕೊಂಡಿದ್ದೆ. ‘ಗ್ಯಾಪ್ ಗೊತ್ತಿಲ್ಲದಿದ್ದರೆ ಮಾರ್ಜಿನ್ ಬಳಸು’ ಎಂದು ಸಪೋರ್ಟ್ಸ್ ನಿಯಮ (ಬ್ರೌಸರ್‌ಗೆ ‘ಇದು ಗೊತ್ತಾ’ ಎಂದು ಕೇಳುವ ಸಿಎಸ್‌ಎಸ್ ಸಾಲು) ಬರೆದೆ. ಏನೂ ಬದಲಾಗಲಿಲ್ಲ. ಸಫಾರಿ 12ಕ್ಕೆ ಗ್ರಿಡ್ (ಅಡ್ಡ-ಉದ್ದ ಚೌಕಗಳಲ್ಲಿ ಜೋಡಿಸುವ ವಿಧಾನ) ಒಳಗಿನ ಗ್ಯಾಪ್ ಗೊತ್ತು, ಫ್ಲೆಕ್ಸ್ ಒಳಗಿನದು ಗೊತ್ತಿಲ್ಲ. ಆದರೆ ಪ್ರಶ್ನೆ ಕೇಳಿದಾಗ ‘ಗ್ಯಾಪ್ ಗೊತ್ತು’ ಎಂದೇ ಉತ್ತರ ಬರುತ್ತದೆ, ಯಾವುದರ ಒಳಗೆ ಎಂದು ಕೇಳಲು ದಾರಿಯಿಲ್ಲ. ಕೊನೆಗೆ ಹೆಸರು-ಬೆಲೆಯ ಪಟ್ಟಿಯನ್ನು ಫ್ಲೆಕ್ಸ್ ಬಿಟ್ಟು ಗ್ರಿಡ್‌ಗೆ ಬದಲಿಸಿದೆ. ಎಲ್ಲ ಫೋನಿನಲ್ಲೂ ಅಂತರ ಬಂತು.

ನಾಲ್ಕನೆಯದು ಗೆಳೆಯನ ಐಫೋನ್. ಒಂದು ಭಾನುವಾರ ಕೇಳಿ ತಂದೆ. ಲ್ಯಾಪ್‌ಟಾಪ್, ಫೋನ್ ಎರಡನ್ನೂ ಒಂದೇ ವೈಫೈಗೆ ಹಾಕಿ, ಲ್ಯಾಪ್‌ಟಾಪ್‌ನ ಐಪಿ ವಿಳಾಸವನ್ನು ಫೋನಿನ ಸಫಾರಿಯಲ್ಲಿ ತೆರೆದೆ. ಮ್ಯಾಕ್ ಇದ್ದವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ, ಕೇಬಲ್ ಚುಚ್ಚಿ, ಮ್ಯಾಕ್‌ನ ಸಫಾರಿಯ ಡೆವಲಪ್ ಮೆನುವಿನಿಂದ ಎಲ್ಲವನ್ನೂ ನೋಡಬಹುದು, ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮ್ಯಾಕ್ ಇಲ್ಲದ ನಾನು ಎರುಡಾ ಎಂಬ ಸ್ಕ್ರಿಪ್ಟನ್ನು ಪುಟಕ್ಕೆ ಸೇರಿಸಿಕೊಂಡೆ. ಫೋನಿನ ಪರದೆಯಲ್ಲೇ ಒಂದು ಪುಟ್ಟ ಇನ್‌ಸ್ಪೆಕ್ಟರ್ ತೆರೆದುಕೊಳ್ಳುತ್ತದೆ. ಜೊತೆಗೆ ಪ್ರತಿ ಡಬ್ಬಿಗೂ ಕೆಂಪು ಔಟ್‌ಲೈನ್ ಹಾಕಿದೆ. ಬಾರ್ಡರ್ ಹಾಕಿದರೆ ಅದೇ ಜಾಗ ತಿಂದು ಲೇಔಟ್ ಬದಲಾಗುತ್ತದೆ, ಔಟ್‌ಲೈನ್ ಜಾಗ ತಿನ್ನುವುದಿಲ್ಲ.

ಕಾಣೆಯಾದ ಬಟನ್ ಇಲ್ಲಿ ಸಿಕ್ಕಿತು. ಪುಟದ ಎತ್ತರ 100 ವಿಎಚ್ (ಅಂದರೆ ಪರದೆಯ ಪೂರ್ತಿ ಎತ್ತರ) ಎಂದು ಕೊಟ್ಟು, ಹೊರಗೆ ಹೋದದ್ದು ಕಾಣದಂತೆ ಓವರ್‌ಫ್ಲೋ ಹಿಡನ್ ಮಾಡಿದ್ದೆ. ಐಫೋನ್‌ನ ಸಫಾರಿ ಆ 100 ವಿಎಚ್ ಅನ್ನು ಅಡ್ರೆಸ್ ಬಾರ್ ಸರಿದ ಮೇಲಿನ ದೊಡ್ಡ ಎತ್ತರಕ್ಕೆ ಲೆಕ್ಕ ಹಾಕುತ್ತದೆ. ಬಾರ್ ಇರುವಾಗ ಪುಟದ ಕೆಳತುದಿ ಅದರಡಿ ಸೇರುತ್ತದೆ, ಬಟನ್ ಇದ್ದದ್ದು ಅಲ್ಲೇ. ಆಂಡ್ರಾಯ್ಡ್ ಕ್ರೋಮ್‌ನಲ್ಲೂ ಇದೇ ಲೆಕ್ಕ, ಆದರೆ ನನ್ನ ಫೋನಿನಲ್ಲಿ ಬಟನ್ ಅರ್ಧವಾದರೂ ಕಾಣುತ್ತಿತ್ತು, ಹಾಗಾಗಿ ಗಮನಕ್ಕೆ ಬಂದಿರಲಿಲ್ಲ. 2022ರಿಂದ ಬಾರ್ ಇದೆಯೋ ಇಲ್ಲವೋ ನೋಡಿ ಎತ್ತರ ಲೆಕ್ಕ ಹಾಕುವ ಡಿವಿಎಚ್ ಎಂಬ ಅಳತೆ ಇದೆ, ಸಫಾರಿಯಲ್ಲಿ 15.4ರಿಂದ, ಕ್ರೋಮ್‌ನಲ್ಲಿ 108ರಿಂದ. ಮೊದಲು ವಿಎಚ್ ಸಾಲು, ಅದರ ಕೆಳಗೆ ಡಿವಿಎಚ್ ಸಾಲು ಬರೆದೆ, ಹಳೆಯ ಬ್ರೌಸರ್ ತನಗೆ ತಿಳಿಯದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಐಫೋನ್ 6ರವರಿಗಾಗಿ ಬಟನ್ ಅನ್ನು ಪರದೆಯ ತಳಕ್ಕೆ ಫಿಕ್ಸೆಡ್ ಮಾಡಿದೆ.

ಪುಟ ದೊಡ್ಡದಾಗುವುದಕ್ಕೆ ಕಾರಣ ನಂಬರ್ ಬರೆಯುವ ಜಾಗದ ಅಕ್ಷರ 14 ಪಿಕ್ಸೆಲ್ ಇದ್ದದ್ದು. 16ಕ್ಕಿಂತ ಕಡಿಮೆ ಇದ್ದರೆ ಐಫೋನ್ ತಾನೇ ಝೂಮ್ ಮಾಡುತ್ತದೆ. 16 ಮಾಡಿದೆ, ನಿಂತಿತು.

ಆಮೇಲೆ, ಯಾರೂ ದೂರು ಕೊಡದೇ ಇದ್ದದ್ದು, ನನಗೆ ಎಲ್ಲಕ್ಕಿಂತ ಬೇಜಾರು ತಂದದ್ದು ಇದು. ‘ಉಪ್ಪಿನಕಾಯಿ’ಯ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿತ್ತು. ಹೆಸರು ಒಂದೇ ಸಾಲಿನಲ್ಲಿ ನಿಲ್ಲಲಿ ಎಂದು ಓವರ್‌ಫ್ಲೋ ಹಿಡನ್ ಕೊಟ್ಟು, ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.1 ಪಟ್ಟು ಇಟ್ಟಿದ್ದೆ. ಇಂಗ್ಲಿಷ್‌ಗೆ ಅದು ಸಾಕಾಗಬಹುದು, ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ನಾನು ಫಾಂಟ್ ಹೆಸರಿಸಿರಲಿಲ್ಲ, ಹಾಗಾಗಿ ಆಂಡ್ರಾಯ್ಡ್ ನೋಟೋ ಸ್ಯಾನ್ಸ್ ಕನ್ನಡ ತೆಗೆದುಕೊಂಡಿತು, ವಿಂಡೋಸ್ ನಿರ್ಮಲಾ ಯುಐ, ಐಫೋನ್ ತನ್ನಲ್ಲಿದ್ದ ಕನ್ನಡ ಫಾಂಟ್. ಒಂದೊಂದರ ಎತ್ತರ ಒಂದೊಂದು ಥರ. ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಕಂಡ ಅಕ್ಷರ ಐಫೋನ್‌ನಲ್ಲಿ ಅರ್ಧವಾಗಿತ್ತು. ಕನ್ನಡ ಪುಟ ಮಾಡುವವರು ದಯವಿಟ್ಟು ಇದನ್ನು ನೋಡಿ. ನೋಟೋ ಸ್ಯಾನ್ಸ್ ಕನ್ನಡವನ್ನು ವೆಬ್ ಫಾಂಟ್ ಆಗಿ ಸೇರಿಸಿ, ಲೈನ್-ಹೈಟ್ 1.7ಕ್ಕೆ ಏರಿಸಿದೆ.

ಈಗ ದಿನದ ಕೆಲಸಕ್ಕೆ ಪ್ಲೇರೈಟ್‌ನ ವೆಬ್‌ಕಿಟ್ ಇಟ್ಟುಕೊಂಡಿದ್ದೇನೆ. ಪುಟ ಹೊರಗೆ ಬಿಡುವ ಮೊದಲು ಗೆಳೆಯನ ಫೋನ್ ತಂದು ಬಟನ್, ಕೀಬೋರ್ಡ್, ಒತ್ತಕ್ಷರ ಮೂರನ್ನೂ ನೋಡುತ್ತೇನೆ. ಬಾಡಿಗೆ ಫೋನಿಗೆ ಹಣ ಕೊಡುವುದು ಹಳೆಯ ಐಒಎಸ್‌ನ ದೂರು ಬಂದಾಗ ಮಾತ್ರ. ಮೊನ್ನೆ ಐಫೋನ್ 6ರವರು ಪುಟದಿಂದಲೇ ಅರ್ಧ ಕಿಲೋ ಅಪ್ಪೆಮಿಡಿ ತರಿಸಿಕೊಂಡರು ಎಂದು ಅತ್ತೆ ಹೇಳಿದರು.