ಪಿಯಾನೋ ತಂತಿಗೆ ಉಣ್ಣೆಯ ಹೊದಿಕೆ: ಕೊಳ್ಳಬಹುದೇ?

ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೋದ ತಂತಿಗಳ ಮೇಲೆ ಹಾಸುವ ಉಣ್ಣೆಯ ಸ್ಟ್ರಿಂಗ್ ಕವರ್ ಕೊಟ್ಟ ಕಾಸಿಗೆ ಮೋಸವಿಲ್ಲ. ತಂತಿಗಳ ಕೆಳಗಿದ್ದು ನಾದವನ್ನು ಹಿಗ್ಗಿಸುವ ಮರದ ಹಲಗೆಗೆ (ಸೌಂಡ್‌ಬೋರ್ಡ್) ಧೂಳು ಇಳಿಯುವುದು ಬಹಳ ಕಡಿಮೆಯಾಗುತ್ತದೆ. ಆದರೆ ಆಯಾ ಮಾಡೆಲ್ಲಿನ ಅಳತೆಗೇ ಹೊಲಿದಿರಬೇಕು. ತಂತಿಯ ನಾದವನ್ನು ತಡೆದು ನಿಲ್ಲಿಸುವ ಡ್ಯಾಂಪರ್‌ಗಳ ಮೇಲೆ ಭಾರ ಬಿದ್ದರೆ ಅವು ಸಲೀಸಾಗಿ ಏಳುವುದಿಲ್ಲ.

ಹಾಸುವ ಮುನ್ನ ತಂತಿ ಶುಚಿಯಾಗಿರಲಿ. ಮೆತ್ತನೆಯ ಬ್ರಷ್, ಒಣ ಬಟ್ಟೆ ಸಾಕು. ಉಕ್ಕಿನ ತಂತಿಗೆ ತೆಳುವಾಗಿ ಹಿಡಿದ ತುಕ್ಕಿಗೆ 0000 ನಂಬರಿನ (ಅತಿ ನಯವಾದ) ಸ್ಟೀಲ್ ವುಲ್ಲನ್ನು, ಅಂದರೆ ಉಕ್ಕಿನ ನೂಲಿನ ಉಂಡೆಯನ್ನು, ಉದ್ದಕ್ಕೆ ಹಗುರವಾಗಿ ಎಳೆದು, ಉದುರಿದ ಪುಡಿಯನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ. ತಾಮ್ರ ಸುತ್ತಿದ ಮಂದ್ರದ ತಂತಿಗಳಿಗೆ ಇದು ಬೇಡ. ಬರಿಗೈಯೂ ತಾಗಬಾರದು, ಬೆವರು ತಗುಲಿದಲ್ಲಿ ಕಪ್ಪು ಕಲೆ ಉಳಿಯುತ್ತದೆ. ತುಕ್ಕಿಗೆಂದು ಎಣ್ಣೆಯ ಸ್ಪ್ರೇ ಹೊಡೆಯುವವರಿದ್ದಾರೆ, ದಯವಿಟ್ಟು ಬೇಡ! ತಂತಿ ಬಿಗಿಯುವ ಟ್ಯೂನಿಂಗ್ ಪಿನ್‌ಗಳನ್ನು ಹಿಡಿದಿಡುವ ಮರದ ಪಿನ್‌ಬ್ಲಾಕ್‌ಗೆ ಅದು ಇಳಿದರೆ ಪಿನ್‌ಗಳ ಹಿಡಿತ ತಪ್ಪಿ ಶ್ರುತಿ ನಿಲ್ಲುವುದಿಲ್ಲ.

ಮಂಗಳೂರಿನಂಥ ಕರಾವಳಿಯ ಮಳೆಗಾಲಕ್ಕೆ ಕವರ್ ಒಂದೇ ಸಾಲದು, ಕೋಣೆಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕೇ ಬೇಕು. ಕಛೇರಿಗೆ ಮುನ್ನ ಕವರ್ ತೆಗೆಯಿರಿ, ಇಲ್ಲವಾದರೆ ನಾದ ತುಸು ಮಂಕು.