ಕೊಟೇಷನ್‌ನಲ್ಲಿ ಬರೀ 'ಯುಪಿವಿಸಿ' ಅಂತ ಇದ್ದರೆ ಅಡ್ವಾನ್ಸ್ ಕೊಡಬೇಡಿ

ನಿನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ನೀರು ಒರೆಸಿದೆ. ಈ ಮಳೆಗಾಲದಲ್ಲಿ ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಬಾಲ್ಕನಿಗೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನ ಬಾಗಿಲು ಹಾಕಿಸಿ ಇನ್ನೂ ಆರು ತಿಂಗಳು. ಫ್ಲ್ಯಾಟಿನ ಬಾಲ್ಕನಿಗೆ ಹಳೇ ಸ್ಲೈಡಿಂಗ್ ಬಾಗಿಲು ತೆಗೆಸಿ ಹೊಸದು ಹಾಕಿಸಬೇಕು ಅಂತಿರುವವರು, ಅದರಲ್ಲೂ ನಮ್ಮ ಹಾಗೆ ಪಶ್ಚಿಮಕ್ಕೆ ಬಾಲ್ಕನಿ ಇರುವವರು, ಒಂದು ಸಲ ಇದನ್ನು ಓದಿ.

ನಮ್ಮದು ಶಿವಮೊಗ್ಗದಲ್ಲಿ ಸಾಗರ ರಸ್ತೆ ಕಡೆ, ಮೂರನೇ ಮಹಡಿ. ಬಿಲ್ಡರ್ ಹಾಕಿಕೊಟ್ಟಿದ್ದ ತೆಳು ಅಲ್ಯೂಮಿನಿಯಂ ಬಾಗಿಲು 13 ವರ್ಷ ಬಂತು. ರೋಲರ್ ಸವೆದು ಹೋಗಿ, ಬೆಳಿಗ್ಗೆ ಎಳೆದರೆ ಪಕ್ಕದ ಮನೆಯವರಿಗೂ ಎಚ್ಚರ ಆಗುವಷ್ಟು ಕಿರುಚುತ್ತಿತ್ತು. ಆದರೆ ನೀರು ಮಾತ್ರ ಒಳಗೆ ಬಿಟ್ಟಿರಲಿಲ್ಲ. ಅದರ ಬೆಲೆ ಈಗ ಗೊತ್ತಾಗುತ್ತಿದೆ ಬಿಡಿ.

ಹೊಸದಕ್ಕೆ ಯಾವ ಫ್ರೇಮ್ ಅಂತ ಮನೆಯಲ್ಲಿ ಎರಡು ತಿಂಗಳು ಚರ್ಚೆ ನಡೆಯಿತು. ಅತ್ತೆ ತೀರ್ಥಹಳ್ಳಿ ಕಡೆಯವರು. "ಎಂತ ಮಾರಾಯ್ತಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಕಿಸ್ತಾರಾ? ಊರಲ್ಲಿ ಹಲಸಿನ ಬಾಗಿಲು ನಿಮ್ಮ ಮಾವನ ಅಜ್ಜನ ಕಾಲದ್ದು, ಇವತ್ತಿಗೂ ಜಪ್ಪಯ್ಯ ಅಂದಿಲ್ಲ" ಅಂದರು. ಮಾತು ಸುಳ್ಳಲ್ಲ. ಆದರೆ ಊರಿನ ಆ ಬಾಗಿಲು ಬಾಳಿದ್ದು ಬರೀ ಹಲಸಿನ ಗಟ್ಟಿಯಿಂದಲ್ಲ, ಅದರ ಮುಂದೆ ಜಗಲಿ ಇದೆ, ನಾಲ್ಕಡಿ ಮುಂದೆ ಬಂದ ಸೂರಿದೆ, ಮಳೆಗಾಲಕ್ಕೆ ಮುಂಚೆ ಅದರಾಚೆ ಸೋಗೆ ತಟ್ಟಿ ಬೇರೆ ಕಟ್ಟುತ್ತಿದ್ದರು. ಆ ಬಾಗಿಲು ಮಳೆ ನೋಡಿದ್ದೇ ಇಲ್ಲ. ನಮ್ಮ ಬಾಲ್ಕನಿಗೆ ಸೂರೂ ಇಲ್ಲ, ತಟ್ಟಿ ಕಟ್ಟಿದರೆ ಅಸೋಸಿಯೇಷನ್‌ನವರು ಬಿಡೋದೂ ಇಲ್ಲ. ಮರ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ. ಮಾಮೂಲಿ ಬಾಗಿಲಾದರೆ ಒಂದು ಅಂಚು ಹತ್ತರಿ ಹೊಡೆಸಿ ಸರಿ ಮಾಡಿಕೊಳ್ಳಬಹುದು, ಟ್ರ್ಯಾಕ್ ಒಳಗೆ ಓಡುವ ಬಾಗಿಲು ಉಬ್ಬಿದರೆ ಮುಗೀತು. ಅಲ್ಲಿಗೆ ಮರ ಬಿಟ್ಟೆವು. ಅಲ್ಲಿವರೆಗೆ ನಾವು ಮಾಡಿದ್ದು ಸರಿಯೇ ಇತ್ತು.

ತಪ್ಪಿದ್ದು ಆಮೇಲೆ. ನಾನು ರಾತ್ರಿಯೆಲ್ಲ ವಿಡಿಯೋ ನೋಡಿದೆ. ಅಲ್ಯೂಮಿನಿಯಂ ಬೇಡ, ಅದು ಚಳಿಯನ್ನು ಒಳಗೆ ಬಿಡುತ್ತೆ, ಯುಪಿವಿಸಿ ಆದರೆ ಮನೆ ಬೆಚ್ಚಗಿರುತ್ತೆ ಅಂತ ಆ ವಿಡಿಯೋದವರೆಲ್ಲ ಹೇಳುತ್ತಾರೆ. ಹೌದು, ಹಿಮ ಬೀಳುವ ಊರಿನವರಿಗೆ ಅದು ದೊಡ್ಡ ವಿಷಯ. ಶಿವಮೊಗ್ಗದಲ್ಲಿ ಡಿಸೆಂಬರ್ ಚಳಿಗೆ ಒಂದು ಕಂಬಳಿ ಸಾಕು, ಅಲ್ವಾ? ನಮಗೆ ಬೇಕಿದ್ದು ಎರಚಲು ತಡೆಯುವ ಬಾಗಿಲು. ಪೇಟೆಯಲ್ಲಿ ಆಗುಂಬೆಯ ಹಾಗೆ ವರ್ಷಕ್ಕೆ 7000 ಮಿಲಿಮೀಟರ್ ಬೀಳೋದಿಲ್ಲ, ನಿಜ, ಆದರೆ ಜುಲೈನಲ್ಲಿ ಪಶ್ಚಿಮದ ಗಾಳಿ ಎದ್ದರೆ ಮಳೆ ಮೇಲಿಂದ ಬರೋದಿಲ್ಲ, ಅಡ್ಡಕ್ಕೆ ಬರುತ್ತೆ.

ಎರಡು ಕೊಟೇಷನ್ ಬಂತು. ಬಾಗಿಲು 8 ಅಡಿ ಅಗಲ, 7 ಅಡಿ ಎತ್ತರ, ಅಂದರೆ 56 ಚದರ ಅಡಿ. ಒಬ್ಬರು ಚದರ ಅಡಿಗೆ 950 ಅಂದರು, ಇನ್ನೊಬ್ಬರು 650. ಎರಡೂ ಯುಪಿವಿಸಿಯೇ, ಎರಡೂ ಬೆಳ್ಳಗೆ ಚೆನ್ನಾಗೇ ಕಾಣುತ್ತಿತ್ತು, ಹೆಸರು ಒಂದೇ ಅಂದ ಮೇಲೆ 17 ಸಾವಿರ ಸುಮ್ನೆ ಯಾಕೆ ಜಾಸ್ತಿ ಕೊಡಬೇಕು ಅಂತ 650ರವನಿಗೆ ಹೂಂ ಅಂದೆವು. ಅವನ ಕಾಗದದಲ್ಲಿ ಇದ್ದಿದ್ದು ಒಂದೇ ಸಾಲು: ಯುಪಿವಿಸಿ ಸ್ಲೈಡಿಂಗ್ ಡೋರ್, 2 ಟ್ರ್ಯಾಕ್, 5 ಎಂಎಂ ಗ್ಲಾಸ್. ಅಷ್ಟೇ. ಹೊರಗಿಂದ ಎಲ್ಲ ಮನೆಯೂ ಒಂದೇ ಥರ ಕಾಣಬೇಕು ಅನ್ನೋದು ನಮ್ಮ ಅಸೋಸಿಯೇಷನ್ ನಿಯಮ, ಹಳೇ ಬಾಗಿಲುಗಳೆಲ್ಲ ಕಂದು. ಹಾಗಾಗಿ ಕಂದು ಫಾಯಿಲ್ ಅಂಟಿಸಿದ ಪ್ರೊಫೈಲ್ (ಫ್ರೇಮಿನ ಪಟ್ಟಿ) ಹೇಳಿದೆವು. ಫೆಬ್ರವರಿಯಲ್ಲಿ ಒಂದೇ ದಿನದಲ್ಲಿ ಹಾಕಿ ಹೋದರು. ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಓಡುತ್ತಿತ್ತು. ಬಂದವರಿಗೆಲ್ಲ ತಳ್ಳಿ ತೋರಿಸಿದ್ದೇ ತೋರಿಸಿದ್ದು.

ಏಪ್ರಿಲ್‌ನಲ್ಲಿ ಶುರುವಾಯಿತು. ಮಧ್ಯಾಹ್ನ ಮೂರರ ನಂತರ ಬಾಗಿಲು ತೆರೆಯೋಕೆ ಎರಡು ಕೈ ಬೇಕು, ರಾತ್ರಿ ಹತ್ತಕ್ಕೆ ಮತ್ತೆ ಸಲೀಸು. ಯುಪಿವಿಸಿ ಬಿಸಿಗೆ ಚೆನ್ನಾಗಿ ಹಿಗ್ಗುವ ಸಾಮಾನು. 2 ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 4 ಮಿಲಿಮೀಟರ್ ಉದ್ದ ಆಗುತ್ತೆ, ಅದೇ ಅಳತೆಯ ಅಲ್ಯೂಮಿನಿಯಂ ಒಂದೂವರೆ ಮಿಲಿಮೀಟರ್ ಕೂಡ ಬೆಳೆಯೋದಿಲ್ಲ. ಅದರ ಮೇಲೆ ಕಂದು ಬಣ್ಣ, ಅದರ ಮೇಲೆ ಪಶ್ಚಿಮದ ಬಿಸಿಲು. ಅಂಗಡಿಯವನಿಗೆ ಫೋನ್ ಮಾಡಿದರೆ "ಹೊಸದಲ್ವಾ ಮೇಡಂ, ಸೆಟ್ ಆಗುತ್ತೆ" ಅಂದ.

ಜುಲೈ. ಪುನರ್ವಸು ಮಳೆ ಹಿಡಿದು, ತುಂಗೆ ತುಂಬಿ, ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತು ಅಂತ ಊರವರೆಲ್ಲ ಹೊಳೆ ನೋಡೋಕೆ ಹೋದ ವಾರ ನಾವು ಮನೆಯಲ್ಲೇ ಹೊಳೆ ನೋಡಿದೆವು. ಗಾಳಿ ಬೀಸಿದಾಗ ಎರಡು ಬಾಗಿಲು ಸೇರುವ ನಡುವಿನ ಪಟ್ಟಿ, ಇವರು ಇಂಟರ್‌ಲಾಕ್ ಅಂತಾರೆ, ಬಿಲ್ಲಿನ ಹಾಗೆ ಒಳಕ್ಕೆ ಬಾಗುತ್ತಿತ್ತು. ಆ ಸಂದಿನಲ್ಲಿ ಕಿರುಬೆರಳು ತೂರುತ್ತಿತ್ತು. ಮಳೆಹನಿ ಸೋಫಾವರೆಗೂ ಬಂತು. ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ತುಂಬಿ ಒಳಗಿನ ಅಂಚು ದಾಟಿ ಟೈಲ್ಸ್ ಮೇಲೆ ಹರಿಯಿತು. ಮೂರನೇ ದಿನ ಕೆಳಗಿನ ಮನೆ ಆಂಟಿ ಬಂದು, "ಬೇಜಾರು ಮಾಡ್ಕೋಬೇಡಮ್ಮ, ನಮ್ಮ ರೂಮಿನ ಸೀಲಿಂಗ್ ಒಂದ್ಸಲ ನೋಡು ಬಾ" ಅಂದರು. ಹೋಗಿ ನೋಡಿದರೆ ರೊಟ್ಟಿ ಕಾವಲಿ ಅಗಲದ ಒದ್ದೆ ಕಲೆ. ಅದನ್ನು ಹೇಗೆ ಮರೆಯಲಿ.

ಅಂಗಡಿಯವನಿಗೆ ಮತ್ತೆ ಫೋನ್. "ಮಲೆನಾಡಲ್ವಾ ಮೇಡಂ, ಮಳೆ ಬರುತ್ತೆ" ಅಂದ! ಅವನೂ ಇದೇ ಊರಿನವನು ಮಾರಾಯ್ರೆ. ಹತ್ತು ವರ್ಷದ ವಾರಂಟಿ ಕಾಗದ ತೆಗೆದು ಓದಿದರೆ, ಅದು ಪ್ರೊಫೈಲ್ ಬಣ್ಣ ಹೋಗೋದಕ್ಕೆ, ಸೀಳೋದಕ್ಕೆ ಮಾತ್ರ. ರೋಲರ್, ರಬ್ಬರ್, ಫಿಟ್ಟಿಂಗ್ ಕೆಲಸ ಯಾವುದೂ ಅದರಲ್ಲಿಲ್ಲ.

ಕೊನೆಗೆ ಬೇರೆ ಒಬ್ಬ ಫಿಟ್ಟರ್‌ನ ಕರೆಸಿದೆವು. ವಯಸ್ಸಾದವರು, ಮಾತು ಕಮ್ಮಿ. ನಡುವಿನ ಪಟ್ಟಿಗೆ ಹೆಬ್ಬೆರಳು ಒತ್ತಿ ನೋಡಿ, "ಮನೇಲಿ ಅಯಸ್ಕಾಂತ ಇದೆಯಾ?" ಅಂತ ಕೇಳಿದರು. ನಮ್ಮನೆಯವರು ಅಟ್ಟದಿಂದ ಹಳೇ ಸ್ಪೀಕರ್ ತಂದು ಅದರ ಅಯಸ್ಕಾಂತ ಬಿಚ್ಚಿ ಕೊಟ್ಟರು. ಪಟ್ಟಿಯ ಮೇಲಿಂದ ಕೆಳಗಿನವರೆಗೆ ಸವರಿದರೂ ಎಲ್ಲೂ ಹಿಡಿಯಲಿಲ್ಲ. ಅಡ್ಡಪಟ್ಟಿಗೂ ಹಿಡಿಯಲಿಲ್ಲ. ನಾನು ಹುಚ್ಚಿಯ ಹಾಗೆ ಅದನ್ನು ಕಸಿದುಕೊಂಡು ಎಲ್ಲ ಕಡೆ ಇಟ್ಟು ನೋಡಿದೆ, ಜಾರಿ ಜಾರಿ ಬಿತ್ತು.

ವಿಷಯ ಇಷ್ಟೇ. ಯುಪಿವಿಸಿ ಪಟ್ಟಿ ಒಳಗೆ ಟೊಳ್ಳು, ಖಾನೆ ಖಾನೆ ಇರುತ್ತೆ. ಇಷ್ಟು ದೊಡ್ಡ ಬಾಗಿಲಾದರೆ ಆ ಖಾನೆಯೊಳಗೆ ಸತುವು ಬಳಿದ ಸ್ಟೀಲ್ ಪಟ್ಟಿ, ಜಿಐ ಅಂತಾರಲ್ಲ, ತೂರಿಸಲೇಬೇಕು. 5 ಎಂಎಂ ಗಾಜು ಚದರ ಮೀಟರಿಗೆ 12.5 ಕಿಲೋ ತೂಗುತ್ತೆ, ನಮ್ಮ ಒಂದೊಂದು ಬಾಗಿಲಿಗೆ ಗಾಜೇ 25 ಕಿಲೋ ಮೇಲಾಯಿತು. ಅಷ್ಟು ಭಾರ ಹೊತ್ತು ಗಾಳಿಯನ್ನೂ ತಡೆಯೋಕೆ ಬರೀ ಪ್ಲಾಸ್ಟಿಕ್‌ಗೆ ಆಗೋದಿಲ್ಲ. ನಮ್ಮ ಬಾಗಿಲಲ್ಲಿ ಸ್ಟೀಲೇ ಇಲ್ಲ. ಈಗ ಹಾಕಿ ಅಂದೆ. ಆಗಲ್ಲವಂತೆ, ಮೂಲೆಗಳನ್ನು ಕಾಯಿಸಿ ಬೆಸೆದಿರುತ್ತಾರೆ, ಕತ್ತರಿಸಿದರೆ ಬಾಗಿಲೇ ಹೋಯಿತು. ಹೊಸದಾಗಿಯೇ ಮಾಡಿಸಬೇಕು.

ಆಮೇಲೆ ಅವರು ಟ್ರ್ಯಾಕ್‌ಗೆ ಒಂದು ಚೊಂಬು ನೀರು ಸುರಿದರು. ಹೊರಗೆ ಒಂದು ಹನಿ ಬರಲಿಲ್ಲ. ಟ್ರ್ಯಾಕ್ ನೀರು ಆಚೆ ಹೋಗೋಕೆ ಹೊರಮೈಯಲ್ಲಿ ಸಣ್ಣ ಸೀಳು ತೂತು ಕೊರೆದಿದ್ದರು, ಆದರೆ ಕೆಲಸ ಮುಗಿಸುವಾಗ ನೀಟಾಗಿ ಕಾಣಲಿ ಅಂತ ಅದೇ ತೂತುಗಳ ಮೇಲೆ ಸಿಲಿಕೋನ್ ಅಂಟು ಬಳಿದು ಬೆರಳಲ್ಲಿ ನಯ ಮಾಡಿದ್ದಾರೆ. ಆ ಬೆರಳಿನ ಗುರುತು ಇನ್ನೂ ಇದೆ. ಇನ್ನೂ ಚಂದ ಅಂದರೆ ಫ್ರೇಮನ್ನು ನೆಲಕ್ಕೆ ಬಿಗಿಯೋಕೆ ಟ್ರ್ಯಾಕ್ ತಳಕ್ಕೇ ನಾಲ್ಕು ಕಬ್ಬಿಣದ ಸ್ಕ್ರೂ ಹೊಡೆದಿದ್ದಾರೆ, ತಲೆಗೆ ಸೀಲೂ ಇಲ್ಲ, ಆಗಲೇ ತುಕ್ಕು. ನಿಂತ ನೀರು ಅದೇ ದಾರಿ ಹಿಡಿದು ಆಂಟಿ ಮನೆಗೆ ಇಳಿದಿದೆ.

ಇಷ್ಟಾದ ಮೇಲೂ ಯುಪಿವಿಸಿ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ವಿನೋಬನಗರದಲ್ಲಿ ನನ್ನ ಗೆಳತಿ ಮನೆಯಲ್ಲಿ ಸ್ಟೀಲ್ ಹಾಕಿದ ಬಿಳಿ ಯುಪಿವಿಸಿ ಬಾಗಿಲು ನಾಲ್ಕು ಮಳೆಗಾಲ ಕಂಡಿದೆ, ಅವರದು ಪೂರ್ವಕ್ಕೆ ಮುಖ ಬೇರೆ. ಆದರೆ ಪಶ್ಚಿಮದ ಮುಖ, ಕಡ್ಡಾಯವಾಗಿ ಗಾಢ ಬಣ್ಣ, ಅಗಲ ಬಾಗಿಲು, ಈ ಮೂರೂ ಸೇರಿದರೆ ನನ್ನ ಓಟು ದಪ್ಪ ಅಲ್ಯೂಮಿನಿಯಂಗೆ. ಪೌಡರ್ ಕೋಟಿಂಗ್‌ನಲ್ಲಿ (ಪುಡಿ ಬಣ್ಣ ಕಾಯಿಸಿ ಹಿಡಿಸೋದು) ಕಂದು ಬಣ್ಣ ಆರಾಮಾಗಿ ಸಿಗುತ್ತೆ. ಅಸೋಸಿಯೇಷನ್ ಕಾರ್ಯದರ್ಶಿಯನ್ನು ಕೇಳಿದರೆ, "ನಾವು ಬಣ್ಣ ಹೇಳಿದ್ದು, ಸಾಮಾನು ಯಾವುದಾದ್ರೂ ಹಾಕ್ಕೊಳ್ಳಿ" ಅಂದರು. ಮುಂಚೆ ಕೇಳಿದ್ದರೆ ಆಗುತ್ತಿತ್ತು. ಅಲ್ಯೂಮಿನಿಯಂನಲ್ಲೂ ಮೋಸ ಇದೆ ಮತ್ತೆ, ಬಿಲ್ಡರ್‌ಗಳು ಹಾಕುವ ಕಾಗದದಂಥ ತೆಳು ಪಟ್ಟಿ ಬೇಡ, ಪಟ್ಟಿಯ ಗೋಡೆ ದಪ್ಪ ಒಂದೂವರೆ ಎಂಎಂ ಆದರೂ ಇರಲಿ, ಸ್ಕ್ರೂ ಸ್ಟೇನ್‌ಲೆಸ್ ಇರಲಿ.

ಯಾವುದೇ ಹಾಕಿಸಿ, ಕತ್ತರಿಸಿದ ಪ್ರೊಫೈಲ್‌ನ ಒಂದು ಗೇಣು ತುಂಡು ಕೈಗೆ ಕೊಡಿ ಅಂತ ಕೇಳಿ. ತುದಿಯಿಂದ ಇಣುಕಿದರೆ ಯುಪಿವಿಸಿಯೊಳಗೆ ಸ್ಟೀಲ್ ಇದೆಯೋ, ಪಟ್ಟಿಯ ಗೋಡೆ ಎಷ್ಟು ದಪ್ಪವೋ ಎಲ್ಲ ಕಾಣುತ್ತೆ. ಸ್ಟೀಲ್ ಎಷ್ಟು ಎಂಎಂ, ಯಾವ ರೋಲರ್, ಗಾಜು ಟಫನ್ (ಕಾಯಿಸಿ ಗಟ್ಟಿ) ಮಾಡಿದ್ದೋ ಅಲ್ಲವೋ, ಇದೆಲ್ಲ ಕೊಟೇಷನ್‌ನಲ್ಲೇ ಬರೆಸಿ. ಟಫನ್ ಗಾಜಿಗೆ ಮೂಲೆಯಲ್ಲಿ ಮುದ್ರೆ ಇರುತ್ತೆ, ನೋಡಿಕೊಳ್ಳಿ. ಕೊನೇ ಕಂತು ಕೊಡುವ ಮುಂಚೆ ಅವರ ಎದುರಿಗೇ ಟ್ರ್ಯಾಕ್‌ಗೆ ಚೊಂಬು ನೀರು ಸುರಿಯಿರಿ. ಸಾಧ್ಯವಾದರೆ ಆ ಕಂತನ್ನು ಮೊದಲ ಜೋರು ಮಳೆವರೆಗೆ ಹಿಡಿದಿಡಿ. ನಾವು ಫೆಬ್ರವರಿಯಲ್ಲೇ ಪೂರ್ತಿ 36,400 ಎಣಿಸಿ ಕೊಟ್ಟು, ಮೇಲೆ ಕಾಫಿ ಕೊಟ್ಟು ಕಳಿಸಿದ್ದೆವು.

ಸದ್ಯ ಆ ಹಿರಿಯರು ತೂತು ಬಿಡಿಸಿ, ಸ್ಕ್ರೂ ಬದಲಿಸಿ ಸೀಲ್ ಮಾಡಿಕೊಟ್ಟಿದ್ದಾರೆ, ಕೆಳಗಿನ ಮನೆಗೆ ನೀರು ಇಳಿಯೋದು ನಿಂತಿದೆ. ಆಂಟಿ ಮನೆ ಸೀಲಿಂಗ್ ಒಣಗಿದ ಮೇಲೆ ಬಣ್ಣದ ಖರ್ಚು ನಮ್ಮದೇ. ನಡುವಿನ ಪಟ್ಟಿ ಬಾಗೋದಕ್ಕೆ ಮಾತ್ರ ಮದ್ದಿಲ್ಲ, ದೀಪಾವಳಿ ಆದ ಮೇಲೆ ಹೊಸ ಬಾಗಿಲು. ಅಲ್ಲಿವರೆಗೆ ಗಾಳಿ ಎದ್ದರೆ ಸಂದಿಗೆ ಹಳೇ ಟವಲ್ ತುರುಕಿ, ಊಟದ ಕುರ್ಚಿ ಒತ್ತಿ ಇಡುತ್ತೇವೆ. ಅತ್ತೆ ಅದನ್ನು ನೋಡಿ ಏನೂ ಅನ್ನಲಿಲ್ಲ, ಊರಿಗೆ ಹೊರಡುವಾಗ ಮಾತ್ರ "ಸೋಗೆ ಬೇಕಾದ್ರೆ ಕಳಿಸ್ತೀನಿ" ಅಂದರು.